ಟಿವಿಯವರನ್ನು ಹೊಳೆಗೆ ಕರೆದೊಯ್ಯುವವರಿಗೆ

ವರದಾ ನದಿ ತುಂಗಭದ್ರೆ ಸೇರುವ ಗಳಗನಾಥದ ಕಡೆ ಮೊನ್ನೆ ಒಂದು ಟಿವಿ ತಂಡವನ್ನು ಕರೆದುಕೊಂಡು ಹೋಗಿದ್ದೆ. ಮೀನು ಹಿಡಿಯುವುದನ್ನು ಚಿತ್ರಿಸಬೇಕಿತ್ತು. ಅವರು ಬಂದಿಳಿದಾಗ ಒಂಬತ್ತು ಗಂಟೆ. ಸಂಜೆ ಬಿಟ್ಟ ಬಲೆಯನ್ನು ನಸುಕಿನಲ್ಲೇ ಎಳೆಯುತ್ತಾರೆ ಅಲ್ವಾ? ಕೆಲಸವೇ ಮುಗಿದಿತ್ತು! ಹಾಗಾಗಿ ಹಿಂದಿನ ರಾತ್ರಿಯೇ ತಂಡವನ್ನು ಹಾವೇರಿಗೆ ಕರೆಸಿಕೊಳ್ಳಿ.

ಜಾಸ್ತಿ ಜೋಪಾನ ಬೇಕಿರುವುದು ತೆಪ್ಪದ ವಿಷಯದಲ್ಲಿ. ಬಿದಿರಿನ ಹೆಣಿಗೆ, ಹೊರಗೆ ಪ್ಲಾಸ್ಟಿಕ್ ಹಾಳೆ, ಅಷ್ಟೇ. ಕ್ಯಾಮೆರಾ ಸ್ಟ್ಯಾಂಡಿನ ಚೂಪು ಕಾಲು ಊರಿದರೆ ತೂತು ಬೀಳುತ್ತದೆ. ಸ್ಟ್ಯಾಂಡ್ ದಂಡೆಯಲ್ಲೇ ಇರಲಿ. ಕ್ಯಾಮೆರಾದವರು ಬೇರೆ ತೆಪ್ಪದಲ್ಲಿ, ನಡುವೆ ಕೂತೇ ಚಿತ್ರಿಸಲಿ. ನಿಂತರೆ ವಾಲುತ್ತದೆ. ಲೈಫ್ ಜಾಕೆಟ್ ಹಾಕಿದರೆ ನೋಡಲು ಚೆನ್ನಾಗಿರಲ್ಲ ಅನ್ನುತ್ತಾರೆ. ಕೇಳಬೇಡಿ, ಹಾಕಿಸಿ.

ಮಳೆಗಾಲ ಬೇಡವೇ ಬೇಡ. ಮಲೆನಾಡಿನಲ್ಲಿ ಮಳೆ ಸುರಿದರೆ ನಮ್ಮಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ.

ಇನ್ನೊಂದು. 'ಮತ್ತೊಮ್ಮೆ ಬಲೆ ಬೀಸಿ ಅಣ್ಣಾ' ಅಂತ ಹತ್ತು ಸಲ ಹೇಳಿಸಿಕೊಂಡವರಿಗೆ ಅಂದಿನ ದುಡಿಮೆ ಹೋಗಿರುತ್ತದೆ. ಅವರ ದಿನದ ಕೂಲಿ ಎಷ್ಟು ಅಂತ ಮೊದಲೇ ಮಾತಾಡಿ, ಹೊಳೆ ದಂಡೆಯಲ್ಲೇ ಕೈಗೆ ಕೊಡಿಸಿ. ಊರಿಗೆ ಹೋಗಿ ಕಳಿಸುತ್ತೇವೆ ಅಂದವರಿಗೆ ನಾನು ಇನ್ನೂ ಫೋನ್ ಮಾಡುತ್ತಿದ್ದೇನೆ.