ಲಂಡನ್‌ಗೆ ಹೊಸದಾಗಿ ಬರ್ತಿರೋ ನಡುವಯಸ್ಸಿನ ಗಂಡ-ಹೆಂಡ್ತಿ ಯಾವ ಏರಿಯಾದಲ್ಲಿ ಮನೆ ನೋಡ್ಬೇಕು

ಮುಂಚೆ ಈ ಪ್ರಶ್ನೆ ಕೇಳ್ತಿದ್ದೋರೆಲ್ಲ ಇಪ್ಪತ್ತೈದು ಮೂವತ್ತರ ಹುಡುಗ್ರು, ಈಗ ನಲವತ್ತೈದು ಐವತ್ತರ ಆಸುಪಾಸಿನೋರೂ ಜಾಸ್ತಿ ಕೇಳ್ತಿದಾರೆ. ಮಕ್ಕಳು ಬೆಂಗ್ಳೂರಲ್ಲೋ ಮಣಿಪಾಲದಲ್ಲೋ ಓದ್ತಿರ್ತಾರೆ, ಊರಲ್ಲಿ ವಯಸ್ಸಾದ ಅಪ್ಪ ಅಮ್ಮ ಇರ್ತಾರೆ, ಕಂಪನಿ ಇವ್ರನ್ನ ಲಂಡನ್‌ಗೆ ಕಳ್ಸತ್ತೆ, ಒಬ್ರಿಗೆ ಕೆಲಸ ಇನ್ನೊಬ್ರು ಡಿಪೆಂಡೆಂಟ್ ವೀಸಾ. ಹುಡುಗ್ರಿಗೆ ಹೇಳೋ ಸಲಹೆ ಇವ್ರಿಗೆ ಹೊಂದೋದೇ ಇಲ್ಲ, ಸ್ಕೂಲ್ ಹುಡುಕೋ ಫ್ಯಾಮಿಲಿಗಳಿಗೆ ಹೇಳೋದೂ ಹೊಂದಲ್ಲ. ಅದಕ್ಕೇ ಬೇರೆ ಬರೀತಿದೀನಿ.

ಮೊದಲನೇ ಮಾತು, ಏರಿಯಾನ ಆಫೀಸಿಗೆ ಹೋಗೋರಿಗೋಸ್ಕರ ಆರಿಸ್ಬೇಡಿ, ಮನೇಲಿ ಉಳಿಯೋರಿಗೋಸ್ಕರ ಆರಿಸಿ. ಎಲ್ರೂ ಉಲ್ಟಾ ಮಾಡ್ತಾರೆ. ಕ್ಯಾನರಿ ವಾರ್ಫ್‌ನಲ್ಲಿ ಆಫೀಸ್, ಅದಕ್ಕೆ ಅಲ್ಲೇ ಹತ್ರ ಹೊಸ ಟವರ್‌ನಲ್ಲಿ ಫ್ಲ್ಯಾಟ್, ಜಿಮ್ ಇದೆ, ಕನ್ಸಿಯರ್ಜ್ ಇದೆ, ನದಿ ಕಾಣತ್ತೆ ಅಂತ. ಆಫೀಸಿಗೆ ಹೋಗೋದು ವಾರಕ್ಕೆ ಎರಡೋ ಮೂರೋ ದಿನ, ಆದ್ರೆ ಇನ್ನೊಬ್ರು ಏಳೂ ದಿನ ಆ ಏರಿಯಾದಲ್ಲೇ ಇರ್ಬೇಕಲ್ಲ. ನಮ್ಗೆ ಗೊತ್ತಿರೋ ಹಾಸನದ ಕಡೆಯ ದಂಪತಿ ಹೀಗೇ ಹದಿಮೂರನೇ ಫ್ಲೋರ್ ಹಿಡಿದ್ರು, ಆಯಮ್ಮ ಊರಲ್ಲಿ ಬ್ಯಾಂಕಲ್ಲಿದ್ದೋರು, ದಿನಕ್ಕೆ ನೂರು ಜನರ ಹತ್ರ ಮಾತಾಡ್ತಿದ್ದೋರು, ಇಲ್ಲಿ ಬಂದ್ಮೇಲೆ ಲಿಫ್ಟಲ್ಲಿ ಹಲೋ ಅನ್ನೋದು ಬಿಟ್ರೆ ಮಾತೇ ಇಲ್ಲ, ಕೆಳಗಿಳಿದ್ರೆ ಒಂದು ಕಾಫಿ ಶಾಪು ಒಂದು ಚಿಕ್ಕ ಸೂಪರ್‌ಮಾರ್ಕೆಟ್ಟು ಅಷ್ಟೇ, ಕೊತ್ತಂಬರಿ ಬೇಕಂದ್ರೆ ಪ್ಲಾಸ್ಟಿಕ್ ಪ್ಯಾಕೆಟ್ಟಲ್ಲಿ ನಾಲ್ಕು ಕಡ್ಡಿ. ಆಮೇಲೆ ಹ್ಯಾರೋ ಕಡೆ ಬಂದ್ರು, ಅಲ್ಲಿ ಬಸ್ ಸ್ಟಾಪಲ್ಲೇ ಮೂರು ಜನ ಗುಜರಾತಿ ಫ್ರೆಂಡ್ಸ್ ಆದ್ರು ಅವ್ರಿಗೆ, ಹಿಂದಿ ಬರ್ತಿದ್ದಿದ್ದಕ್ಕೆ ಸರಿಹೋಯ್ತು.

ಇದಕ್ಕೆ ನಾನು ಹೇಳೋ ಟೆಸ್ಟ್ ಇದು. ಮನೆ ಬಾಗಿಲಿಂದ ಹತ್ತು ನಿಮಿಷ ನಡೆದ್ರೆ ತರಕಾರಿ ಅಂಗಡಿ, ಫಾರ್ಮಸಿ, ಲೈಬ್ರರಿ, ಒಂದು ಪಾರ್ಕು, ಕೂತ್ಕೊಳ್ಳೋಕೆ ಒಂದು ಜಾಗ ಸಿಗತ್ತಾ? ಚಳಿಗಾಲದಲ್ಲಿ ಸಂಜೆ ಐದಕ್ಕೆ ನಡೆಯೋಕೆ ಧೈರ್ಯ ಬರತ್ತಾ? ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆ ಮುಂಚೆನೇ ಸೂರ್ಯ ಮುಳುಗ್ತಾನೆ ಇಲ್ಲಿ. ಜೂನ್‌ನಲ್ಲಿ ಒಂಬತ್ತು ದಾಟಿದ್ರೂ ಬೆಳಕಿರತ್ತೆ, ಆಗ ನೋಡಿದ್ರೆ ಎಲ್ಲಾ ಏರಿಯಾನೂ ಚೆನ್ನಾಗೇ ಕಾಣತ್ತೆ ಬಿಡಿ. ಬೇಸಿಗೇಲಿ ಬಂದೋರು ಕತ್ತಲಾದ್ಮೇಲೆ ಒಂದ್ಸಲ ಸ್ಟೇಷನ್‌ನಿಂದ ಮನೆ ತನಕ ನಡೆದು ನೋಡಿ, ಸ್ಟ್ರೀಟ್ ಲೈಟ್ ಇದ್ಯಾ, ಅಂಗಡಿ ತೆಗೆದಿರತ್ತಾ ಅಂತ.

ಈಗ ಏರಿಯಾಗಳ ಕಡೆ ಬರೋಣ. ಎಲ್ಲಾ ಏರಿಯಾ ಬರೆಯೋಕಾಗಲ್ಲ, ನಮ್ಮೋರು ಕೇಳೋದನ್ನ ಮಾತ್ರ ಬರೀತೀನಿ.

ಹ್ಯಾರೋ, ಕೆಂಟನ್, ರೇನರ್ಸ್ ಲೇನ್, ಪಿನ್ನರ್, ಈ ಬೆಲ್ಟ್ ನನ್ನ ಮೊದಲ ಆಯ್ಕೆ ನಡುವಯಸ್ಸಿನೋರಿಗೆ. ಮೆಟ್ರೋಪಾಲಿಟನ್ ಲೈನ್ ಅನ್ನೋ ಟ್ಯೂಬ್ (ಲಂಡನ್ ಮೆಟ್ರೋ) ಇದೆ, ಫಾಸ್ಟ್ ಟ್ರೈನ್ ಸಿಕ್ರೆ ಹ್ಯಾರೋ-ಆನ್-ದ-ಹಿಲ್‌ನಿಂದ ಬೇಕರ್ ಸ್ಟ್ರೀಟ್ ಇಪ್ಪತ್ತು ನಿಮಿಷದ ಆಸುಪಾಸು, ಲಿವರ್‌ಪೂಲ್ ಸ್ಟ್ರೀಟ್ ತನಕ ಬದಲಾಯಿಸದೇ ಹೋಗ್ಬಹುದು, ರೈಲಲ್ಲಿ ಎಸಿ ಇದೆ. ಸ್ಟೇಷನ್ನಿಗೆ 2021ರಲ್ಲಿ ಲಿಫ್ಟ್ ಬಂತು. ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆ ಪಕ್ಕದಲ್ಲೇ. ಗುಜರಾತಿಗಳು, ಶ್ರೀಲಂಕಾ ತಮಿಳರು ತುಂಬಾ ಇದಾರೆ, ಹಾಗಾಗಿ ನುಗ್ಗೇಕಾಯಿ ಕರಿಬೇವು ಎಲ್ಲಾ ನಡೆದು ಹೋಗೋ ದೂರದಲ್ಲಿ, ವೆಂಬ್ಲಿಯ ಈಲಿಂಗ್ ರೋಡ್‌ಗೆ ಹೋದ್ರಂತೂ ಗಾಂಧಿ ಬಜಾರಿಗೆ ಹೋದಂಗೇ. ನೀಸ್ಡನ್ ದೇವಸ್ಥಾನ ಹತ್ರ, ವಾಟ್‌ಫರ್ಡ್ ಪಕ್ಕದ ಭಕ್ತಿವೇದಾಂತ ಮ್ಯಾನರ್ ಅನ್ನೋ ಇಸ್ಕಾನ್ ದೇವಸ್ಥಾನ ಕೂಡಾ ದೂರ ಅಲ್ಲ. ಹೀಥ್ರೋಗೆ ಎಸ್‌ಎಲ್9 ಬಸ್ ನೇರ ಹೋಗತ್ತೆ, ಊರಲ್ಲಿ ಅಪ್ಪ ಅಮ್ಮಂಗೆ ಹುಷಾರಿಲ್ಲ ಅಂತ ರಾತ್ರಿ ಫೋನ್ ಬಂದಾಗ ಇದರ ಬೆಲೆ ಗೊತ್ತಾಗತ್ತೆ, ಬೆಂಗ್ಳೂರಿನ ಡೈರೆಕ್ಟ್ ಫ್ಲೈಟ್ ಹಿಡಿಯೋಕೆ ಹೀಥ್ರೋಗೇ ಹೋಗ್ಬೇಕಲ್ಲ. ಮೈನಸ್ ಏನಂದ್ರೆ ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಆಡಳಿತಕ್ಕೆ ಕಟ್ಟೋ ಮನೆ ತೆರಿಗೆ) ಲಂಡನ್‌ನಲ್ಲೇ ಜಾಸ್ತಿ ಇರೋ ಕಡೆಗಳಲ್ಲಿ ಹ್ಯಾರೋ ಒಂದು, ಇದನ್ನ ಕಟ್ಟೋದು ಓನರ್ ಅಲ್ಲ ಬಾಡಿಗೆದಾರ್ರು, ಬಾಡಿಗೆ ಲೆಕ್ಕ ಹಾಕೋವಾಗ ಸೇರಿಸ್ಕೊಳಿ.

ಟೂಟಿಂಗ್ ಉಲ್ಟಾ. ಅದು ವಾಂಡ್ಸ್‌ವರ್ತ್ ಕೌನ್ಸಿಲ್‌ಗೆ ಸೇರತ್ತೆ, ಇಡೀ ದೇಶದಲ್ಲೇ ಕಮ್ಮಿ ಕೌನ್ಸಿಲ್ ಟ್ಯಾಕ್ಸ್ ಇರೋ ಕಡೆಗಳಲ್ಲಿ ಅದೂ ಒಂದು. ಬಾಡಿಗೆ ಜಾಸ್ತಿ, ಆದ್ರೆ ಎರಡನ್ನೂ ಕೂಡಿ ನೋಡಿದ್ರೆ ವ್ಯತ್ಯಾಸ ಅಂದ್ಕೊಂಡಷ್ಟು ಇರಲ್ಲ. ದೋಸೆ ಅಪ್ಪಂ ಹೋಟೆಲ್‌ಗಳು ಅಲ್ಲಿ ಐವತ್ತು ವರ್ಷದಿಂದ ಇವೆ, ಸೇಂಟ್ ಜಾರ್ಜಸ್ ಆಸ್ಪತ್ರೆ ಅಲ್ಲೇ, ವಿಂಬಲ್ಡನ್‌ನ ಗಣಪತಿ ದೇವಸ್ಥಾನ ಬಸ್ಸಲ್ಲಿ ಹೋಗೋ ದೂರ, ನಮ್ಮ ಕಡೆ ಪದ್ಧತಿಲೇ ಪೂಜೆ ಆಗತ್ತೆ. ನನ್ನ ತಕರಾರು ನಾರ್ದರ್ನ್ ಲೈನ್ ಮೇಲೆ, ಬೆಳಗ್ಗೆ ಎಂಟೂವರೆಗೆ ಕ್ಲಾಪಂ ಹೊತ್ತಿಗೆ ಉಸಿರಾಡೋಕೂ ಜಾಗ ಇರಲ್ಲ. ಮನೆಗಳು ಬಹುಪಾಲು ವಿಕ್ಟೋರಿಯನ್ ಕಾಲದ್ದು, ಒಂದು ಮನೇನ ಎರಡು ಮೂರು ಫ್ಲ್ಯಾಟ್ ಮಾಡಿರ್ತಾರೆ, ಮೇಲಿನ ಫ್ಲ್ಯಾಟಿಗೆ ಕಡಿದಾದ ಕಿರಿದಾದ ಮೆಟ್ಲು, ಮಂಡಿ ನೋವಿರೋರು ಇಪ್ಪತ್ತಮೂರು ಕೆಜಿ ಸೂಟ್‌ಕೇಸ್ ಹತ್ತಿಸೋದನ್ನ ಮನಸಲ್ಲಿ ಇಟ್ಕೊಂಡು ನೋಡಿ.

ಹೌನ್ಸ್ಲೋ ಸ್ವಲ್ಪ ಅಗ್ಗ, ಪಿಕಡಿಲ್ಲಿ ಲೈನ್ ಇದೆ, ನಮ್ಮೋರೂ ಇದಾರೆ, ಆಸ್ಟರ್ಲಿ ಪಾರ್ಕ್ ಅಂತ ಅದ್ಭುತ ಪಾರ್ಕ್ ಇದೆ ಹತ್ರದಲ್ಲಿ. ಆದ್ರೆ ವಿಮಾನದ ಸದ್ದು. ಇಲ್ಲೊಂದು ವಿಷ್ಯ ಏಜೆಂಟ್ ಹೇಳಲ್ಲ: ಪಶ್ಚಿಮದ ಗಾಳಿ ಇರೋ ದಿನ ವಿಮಾನಗಳು ಲಂಡನ್ ಮೇಲಿಂದಾನೇ ಇಳಿಯೋದು, ಇಳಿಯೋ ರನ್‌ವೇನ ಮಧ್ಯಾಹ್ನ ಮೂರಕ್ಕೆ ಬದಲಾಯಿಸ್ತಾರೆ. ನೀವು ಹನ್ನೊಂದಕ್ಕೆ ವ್ಯೂಯಿಂಗ್‌ಗೆ ಹೋದಾಗ ನಿಶ್ಶಬ್ದ ಆಗಿದ್ದ ಮನೆ ಮೇಲೆ ಮೂರಾದ್ಮೇಲೆ ಎರಡೆರಡು ನಿಮಿಷಕ್ಕೆ ಒಂದು ವಿಮಾನ ಬರ್ಬಹುದು. ಬೆಳಗಿನ ಜಾವ ನಾಲ್ಕೂವರೆ ಐದಕ್ಕೇ ಶುರು. ನಿದ್ದೆ ಸೂಕ್ಷ್ಮ ಇರೋರು ಮೂರಕ್ಕೆ ಮುಂಚೆ ಒಂದ್ಸಲ, ಆಮೇಲೆ ಒಂದ್ಸಲ ಹೋಗಿ ರಸ್ತೇಲಿ ನಿಂತು ಕೇಳಿ. ಕೆಲವ್ರಿಗೆ ತಿಂಗಳಲ್ಲಿ ಅಭ್ಯಾಸ ಆಗತ್ತೆ, ನಮ್ಮನೇಲಿ ಒಬ್ರಿಗೆ ಯಾವತ್ತೂ ಆಗ್ತಿರ್ಲಿಲ್ಲ.

ಈಸ್ಟ್ ಹ್ಯಾಮ್ ಬಗ್ಗೆ ಎರಡೇ ಮಾತು: ಸೌತ್ ಇಂಡಿಯನ್ ಊಟ ದೇವಸ್ಥಾನ ಅಂಗಡಿ ಅಂದ್ರೆ ಲಂಡನ್‌ನಲ್ಲಿ ಇದಕ್ಕಿಂತ ಬೇರೆ ಜಾಗ ಇಲ್ಲ, ಮಹಾಲಕ್ಷ್ಮಿ ದೇವಸ್ಥಾನ ಹೈ ಸ್ಟ್ರೀಟಲ್ಲೇ. ಆದ್ರೆ ಗಜಿಬಿಜಿ, ಮನೆಗಳು ಇಕ್ಕಟ್ಟು, ಒಂದೊಂದು ಮನೇಲಿ ತುಂಬಾ ಜನ ಇರ್ತಾರೆ ಪಕ್ಕದಲ್ಲಿ. ಐವತ್ತರಲ್ಲಿ ನೆಮ್ಮದಿ ಬೇಕಂದ್ರೆ ಅಲ್ಲಿಗೆ ಭಾನುವಾರ ಊಟಕ್ಕೆ ಹೋಗಿ, ಇರೋದು ಇಲ್ಫರ್ಡ್ ಕಡೆ ನೋಡಿ, ವ್ಯಾಲೆಂಟೈನ್ಸ್ ಪಾರ್ಕ್ ಹತ್ರ.

ಇಲ್ಫರ್ಡ್ ಅಂದ ತಕ್ಷಣ ಎಲಿಜಬೆತ್ ಲೈನ್ ಅನ್ನೋ ಹೊಸ ರೈಲು ಮಾರ್ಗದ ಬಗ್ಗೆ ಹೇಳ್ಲೇಬೇಕು. 2022ರ ಮೇನಲ್ಲಿ ಶುರುವಾಯ್ತು, ನಮ್ಮ ವಯಸ್ಸಿನೋರಿಗೆ ಲಂಡನ್ ಮ್ಯಾಪೇ ಬದಲಾಯ್ತು ಅಂತೀನಿ. ಎಲ್ಲಾ ಸ್ಟೇಷನ್‌ನಲ್ಲೂ ರಸ್ತೆಯಿಂದ ಪ್ಲಾಟ್‌ಫಾರ್ಮ್ ತನಕ ಮೆಟ್ಲಿಲ್ಲದೇ ಹೋಗ್ಬಹುದು. ಊರಿಂದ ಅತ್ತೆ ಮಾವ ಬಂದಾಗ, ಇಲ್ಲಾಂದ್ರೆ ನೀವೇ ಮಂಡಿ ಹಿಡ್ಕೊಂಡಾಗ, ಹಳೇ ಟ್ಯೂಬ್ ಸ್ಟೇಷನ್ನಿನ ಮೆಟ್ಲುಗಳು ನೆನಪಾಗಿ ಇದಕ್ಕೆ ಕೈ ಮುಗೀತೀರ. ಹ್ಯಾನ್‌ವೆಲ್, ಸೌತಾಲ್, ಹೇಸ್, ಪೂರ್ವಕ್ಕೆ ವುಲಿಚ್, ಆ್ಯಬಿ ವುಡ್, ಎಲ್ಲಾ ಈ ಲೈನ್ ಮೇಲಿದೆ. ಕ್ಯಾನರಿ ವಾರ್ಫ್ ಆಫೀಸ್ ಇದ್ರೆ ವುಲಿಚ್‌ನಿಂದ ಎರಡೇ ಸ್ಟಾಪು, ಕಸ್ಟಮ್ ಹೌಸ್ ಆದ್ಮೇಲೆ ಅದೇ. ಸ್ಲೌ ಕೂಡಾ ಇದೇ ಲೈನ್, ಐಟಿಯೋರು ತುಂಬಾ ಇದಾರೆ, ಆದ್ರೆ ಅದು ಲಂಡನ್ ಅಲ್ಲ ಬರ್ಕ್‌ಷೈರ್, ಆಯ್ಸ್ಟರ್ ಕಾರ್ಡ್ (ಲಂಡನ್ ಬಸ್ಸು ರೈಲಿಗೆ ಟ್ಯಾಪ್ ಮಾಡೋ ಕಾರ್ಡು) ವೆಸ್ಟ್ ಡ್ರೇಟನ್ ದಾಟಿ ನಡೆಯಲ್ಲ, ಬ್ಯಾಂಕ್ ಕಾರ್ಡಲ್ಲೇ ಟ್ಯಾಪ್ ಮಾಡ್ಬೇಕು, ಮುಂದೆ ಅರವತ್ತಾದಾಗ ಲಂಡನ್ ನಿವಾಸಿಗಳಿಗೆ ಸಿಗೋ 60+ ಆಯ್ಸ್ಟರ್ ಅನ್ನೋ ಫ್ರೀ ಪ್ರಯಾಣದ ಕಾರ್ಡೂ ಅಲ್ಲಿರೋರಿಗೆ ಸಿಗಲ್ಲ.

ಸ್ಕೂಲ್ ವಿಷ್ಯ ಒಂದು ಲಾಭ ಇದೆ ನಿಮ್ಗೆ. ಜಾಹೀರಾತಲ್ಲಿ ಔಟ್‌ಸ್ಟ್ಯಾಂಡಿಂಗ್ ಸ್ಕೂಲ್ ಹತ್ರ ಅಂತ ಬರ್ದಿದ್ರೆ ಅದಕ್ಕೆ ಬಾಡಿಗೆಲಿ ದುಡ್ಡು ಸೇರಿರತ್ತೆ, ನಿಮ್ಗೆ ಆ ಸ್ಕೂಲ್ ಬೇಡ, ಅದರಿಂದ ಎರಡು ರಸ್ತೆ ಆಚೆ ನೋಡಿ.

ಮನೆ ಒಳಗೆ ನೋಡ್ಬೇಕಾದ್ದು. ವಾಸ್ತು ಪ್ರಕಾರ ದಕ್ಷಿಣದ ಬಾಗಿಲು ಬೇಡ ಅಂತ ಮೂಗು ಮುರಿಯೋರು ನಮ್ಮಲ್ಲಿದಾರೆ, ಇಲ್ಲಿ ಸೌತ್ ಫೇಸಿಂಗ್ ಅಂತ ದಪ್ಪ ಅಕ್ಷರದಲ್ಲಿ ಹಾಕ್ತಾರೆ, ಯಾಕಂದ್ರೆ ಚಳಿಗಾಲದ ಬಿಸಿಲು ಬರೋದೇ ಆ ಕಡೆಯಿಂದ. ಹಗಲೆಲ್ಲಾ ಮನೇಲಿರೋರ ಮನಸ್ಸಿಗೆ ಜನವರೀಲಿ ಎರಡು ಗಂಟೆ ಬಿಸಿಲು ಔಷಧಿ ಇದ್ದಂಗೆ, ಬಾಗಿಲು ಎಲ್ಲಾದ್ರೂ ಇರ್ಲಿ, ಕಿಟಕಿ ದಕ್ಷಿಣಕ್ಕಿರ್ಲಿ. ಅಡುಗೆಮನೆ ಬಾಗಿಲು ಹಾಕೋ ಥರ ಇದ್ಯಾ ನೋಡಿ, ಓಪನ್ ಪ್ಲ್ಯಾನ್ ಆದ್ರೆ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದ ಕೂಡ್ಲೇ ಸ್ಮೋಕ್ ಅಲಾರಂ ಕೂಗತ್ತೆ, ಸೋಫಾ ಹಾಸಿಗೆ ಎಲ್ಲಾ ಸಾರಿನ ವಾಸನೆ. ಚಿಮಣಿ ಗಾಳಿನ ಹೊರಗೆ ಹಾಕತ್ತಾ ಅಥ್ವಾ ಫಿಲ್ಟರ್ ಮಾಡಿ ಮತ್ತೆ ಒಳಗೇ ಬಿಡತ್ತಾ ಕೇಳಿ. ಗೋಡೆ ಮೂಲೆ, ಬೀರು ಹಿಂದೆ ಕಪ್ಪು ಚುಕ್ಕೆ ಕಂಡ್ರೆ ಅದು ತೇವದ ಬೂಷ್ಟು, ಹೊಸದಾಗಿ ಪೇಂಟ್ ಹೊಡೆದ ಒಂದೇ ಮೂಲೆ ಕಂಡ್ರೂ ಅನುಮಾನ ಪಡಿ, ಆಸ್ತಮಾ ಇರೋರಿಗೆ ಇದು ಆಗ್ಬರಲ್ಲ. ಇಪಿಸಿ ರೇಟಿಂಗ್ (ಮನೆ ಕಮ್ಮಿ ಕರೆಂಟು ಗ್ಯಾಸಲ್ಲಿ ಎಷ್ಟು ಬೆಚ್ಚಗಿರತ್ತೆ ಅನ್ನೋ ಗ್ರೇಡ್) ಬಿ ಅಥ್ವಾ ಸಿ ಇರ್ಲಿ, ಡಿ ಇ ಅಂದ್ರೆ ಹಗಲೂ ಹೀಟಿಂಗ್ ಹಾಕೋರಿಗೆ ಜೇಬು ಹರಿಯೋ ಬಿಲ್ ಬರತ್ತೆ.

ದುಡ್ಡಿನ ರೂಲ್ಸ್. ಬೆಂಗ್ಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿ ಬಂದೋರಿಗೆ ಇಲ್ಲಿ ಖುಷಿ ಆಗತ್ತೆ, ವರ್ಷದ ಬಾಡಿಗೆ 50,000 ಪೌಂಡಿನ ಒಳಗಿದ್ರೆ ಡೆಪಾಸಿಟ್ ಐದು ವಾರದ ಬಾಡಿಗೆ ಮೀರೋ ಹಾಗಿಲ್ಲ, ಮನೆ ಹಿಡಿದಿಡೋಕೆ ಹೋಲ್ಡಿಂಗ್ ಡೆಪಾಸಿಟ್ ಒಂದು ವಾರದ್ದು, 2019ರಿಂದ ಬಾಡಿಗೆದಾರ್ರ ಹತ್ರ ಏಜೆಂಟ್ ಫೀಸ್ ತಗೊಳೋ ಹಾಗೂ ಇಲ್ಲ. ಡೆಪಾಸಿಟ್ಟನ್ನ 30 ದಿನದೊಳಗೆ ಸರ್ಕಾರ ಒಪ್ಪಿರೋ ಸ್ಕೀಮಲ್ಲಿ ಹಾಕ್ಬೇಕು, ಅದರ ಸರ್ಟಿಫಿಕೇಟ್ ಕೇಳಿ ಇಸ್ಕೊಳಿ. ಸಂಬಳ ಸಾಮಾನ್ಯವಾಗಿ ವರ್ಷಕ್ಕೆ ತಿಂಗಳ ಬಾಡಿಗೆಯ ಮೂವತ್ತು ಪಟ್ಟು ಇರ್ಬೇಕು ಅಂತ ನೋಡ್ತಾರೆ. ಮುಂಚೆ ಕ್ರೆಡಿಟ್ ಹಿಸ್ಟರಿ ಇಲ್ಲದ ಹೊಸಬರು ಆರು ತಿಂಗಳ ಬಾಡಿಗೆ ಒಟ್ಟಿಗೆ ಕೊಟ್ಟು ಮನೆ ಹಿಡೀತಿದ್ರು, 2026ರ ಮೇ 1ರಿಂದ ಹೊಸ ಕಾನೂನು, ಒಂದು ತಿಂಗಳಿಗಿಂತ ಜಾಸ್ತಿ ಮುಂಗಡ ಕೇಳೋ ಹಾಗಿಲ್ಲ, ಜಾಹೀರಾತಲ್ಲಿ ಹಾಕಿದ ಬಾಡಿಗೆಗಿಂತ ಜಾಸ್ತಿ ಹೇಳಿ ಹರಾಜು ಹಾಕೋ ಹಾಗೂ ಇಲ್ಲ, ವರ್ಷದ ಲಾಕ್-ಇನ್ ಕೂಡಾ ಹೋಯ್ತು, ಎರಡು ತಿಂಗಳ ನೋಟಿಸ್ ಕೊಟ್ಟು ಬಿಡ್ಬಹುದು. ಹಳೇ ಸಲಹೆ ಕೊಡೋ ನೆಂಟ್ರು ಫ್ರೆಂಡ್ಸ್ ಮಾತು ಕೇಳಿ ಆರು ತಿಂಗಳ ದುಡ್ಡು ರೆಡಿ ಮಾಡ್ಬೇಡಿ, ಅದರ ಬದ್ಲು ಕಂಪನಿ ಆಫರ್ ಲೆಟರ್, ಹೆಚ್‌ಆರ್‌ನಿಂದ ಒಂದು ಪತ್ರ, ಇಬ್ಬರದ್ದೂ ಇ-ವೀಸಾ ಶೇರ್ ಕೋಡ್ (ವೀಸಾನ ಆನ್ಲೈನಲ್ಲಿ ತೋರ್ಸೋ ಕೋಡ್) ಇಟ್ಕೊಂಡಿರಿ, ರೈಟ್ ಟು ರೆಂಟ್ ಚೆಕ್ (ಇಲ್ಲಿ ಬಾಡಿಗೆಗಿರೋ ಹಕ್ಕಿದ್ಯಾ ಅನ್ನೋ ಪರಿಶೀಲನೆ) ಇಬ್ಬರಿಗೂ ಮಾಡ್ತಾರೆ.

ಬೆಂಗ್ಳೂರಲ್ಲಿ ಕೂತು ವಿಡಿಯೋ ನೋಡಿ ಮನೆ ಬುಕ್ ಮಾಡೋದು ಮಾತ್ರ ಬೇಡ. ಮೊದಲ ತಿಂಗಳು ಸರ್ವಿಸ್ ಅಪಾರ್ಟ್‌ಮೆಂಟ್ ಕಂಪನಿ ಹತ್ರಾನೇ ಕೇಳಿ, ಸಾಮಾನ್ಯವಾಗಿ ಕೊಡ್ತಾರೆ. ಮನೆ ಕಣ್ಣಾರೆ ನೋಡ್ದೇ ದುಡ್ಡು ಹಾಕಿ ಅನ್ನೋ ಓನರ್ ಫಾರಿನ್‌ನಲ್ಲಿದೀನಿ ಅಂದ್ರೆ ಅದು ಮೋಸ, ಅಷ್ಟೇ.

ಕೊನೇದು ಡಾಕ್ಟ್ರು. ಅಗ್ರಿಮೆಂಟ್ ಸೈನ್ ಮಾಡೋಕೆ ಮುಂಚೆ ಆ ಪೋಸ್ಟ್‌ಕೋಡ್ ಹಾಕಿ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ವೆಬ್‌ಸೈಟಲ್ಲಿ ಯಾವ ಜಿಪಿ (ಏರಿಯಾದ ಫ್ಯಾಮಿಲಿ ಡಾಕ್ಟ್ರು) ಹೊಸಬರನ್ನ ತಗೋತಿದಾರೆ ನೋಡಿ, ರಿವ್ಯೂ ಓದಿ, ಬಿಪಿ ಶುಗರ್ ಇರೋ ವಯಸ್ಸಲ್ಲಿ ಒಳ್ಳೇ ಜಿಪಿ ಒಳ್ಳೇ ಸ್ಟೇಷನ್‌ಗಿಂತ ಮುಖ್ಯ. ಮನೆಗೆ ಹೋದ ವಾರದಲ್ಲೇ ಇಬ್ರೂ ರಿಜಿಸ್ಟರ್ ಆಗಿ, ಹುಷಾರ್ ತಪ್ಪೋ ತನಕ ಕಾಯ್ಬೇಡಿ. ಊರಿಂದ ಮೂರು ತಿಂಗಳ ಮಾತ್ರೆ, ಡಾಕ್ಟ್ರ ಚೀಟಿ ಜೊತೆ, ಕೆಮಿಕಲ್ ಹೆಸರು ಬರೆಸ್ಕೊಂಡು ತನ್ನಿ, ಬ್ರ್ಯಾಂಡ್ ಹೆಸರು ಇಲ್ಲಿ ಯಾರಿಗೂ ಗೊತ್ತಾಗಲ್ಲ. ಶುಗರ್‌ಗೆ ಮಾತ್ರೆ ಅಥ್ವಾ ಇನ್ಸುಲಿನ್ ತಗೊಳೋರಿಗೆ, ಥೈರಾಯ್ಡ್ ಕಮ್ಮಿ ಇದ್ದು ಮಾತ್ರೆ ತಗೊಳೋರಿಗೆ ಇಂಗ್ಲೆಂಡಲ್ಲಿ ಎಲ್ಲಾ ಪ್ರಿಸ್ಕ್ರಿಪ್ಷನ್ ಫ್ರೀ, ಅದಕ್ಕೆ ಎಫ್‌ಪಿ92ಎ ಅಂತ ಒಂದು ಫಾರ್ಮ್ ಇದೆ, ಅವ್ರಾಗೇ ಹೇಳಲ್ಲ, ಮೊದಲ ಅಪಾಯಿಂಟ್‌ಮೆಂಟಲ್ಲೇ ರಿಸೆಪ್ಷನ್‌ನಲ್ಲಿ ಕೇಳಿ.