ಅಪ್ಪನ ಟ್ರಯಾಥ್ಲಾನ್, ಅವ್ವನ ಓಡಾಟ: ಮಕ್ಕಳ ಜೊತೆ ರೇಸಿಗೆ ಹೋಗುವುದು ಹೇಗೆ?

ನಮ್ಮ ಮನೆಯವರು ಗೋವಾದ ಐರನ್‌ಮ್ಯಾನ್ 70.3ಕ್ಕೆ, ಅಂದರೆ ಈಜು, ಸೈಕಲ್, ಓಟ ಮೂರನ್ನೂ ಒಂದೇ ದಿನ ಮುಗಿಸುವ ಟ್ರಯಾಥ್ಲಾನ್ ರೇಸಿಗೆ, ಹೆಸರು ಕೊಟ್ಟಾಗ ಓಣಿಯವರೆಲ್ಲ ಅವರನ್ನೇ ವಿಚಾರಿಸಿದರು. ಆರು ವರ್ಷದ ಮಗಳು, ಮೂರು ವರ್ಷದ ಮಗನನ್ನು ಕಟ್ಟಿಕೊಂಡು ಇಡೀ ದಿನ ಬಿಸಿಲಲ್ಲಿ ನಿಲ್ಲುವವಳನ್ನು ಯಾರೂ ಕೇಳಲಿಲ್ಲ. ಮೊದಲ ಸಲ ಎಲ್ಲ ಕಡೆ ಅವರನ್ನು ನೋಡಬೇಕೆಂದು ಓಡಾಡಿ, ಒಂದು ಕಡೆಯೂ ನೆಟ್ಟಗೆ ನೋಡಲಾಗಲಿಲ್ಲ. ಮುಂದಿನ ಸಲ ಮೂರೇ ಮೂರು ಕಡೆ ನಿಂತೆ. ಸಾಕಾಯಿತು. ನೀವೂ ಹಾಗೇ ಮಾಡಿ.

ಮೊದಲು ಪೆನ್ನು, ಚೀಟಿ

70.3 ಅನ್ನುವುದು ಮೈಲಿ ಲೆಕ್ಕ. ನಮ್ಮ ಲೆಕ್ಕದಲ್ಲಿ ಸುಮಾರು 113 ಕಿ.ಮೀ. ಸಮುದ್ರದಲ್ಲಿ 1.9 ಕಿ.ಮೀ. ಈಜು, ಆಮೇಲೆ 90 ಕಿ.ಮೀ. ಸೈಕಲ್, ಕೊನೆಗೆ 21.1 ಕಿ.ಮೀ. ಓಟ. ಸೈಕಲ್ ಒಂದೇ ಹೆಚ್ಚುಕಮ್ಮಿ ಬೆಳಗಾವಿಯಿಂದ ಕಿತ್ತೂರಿಗೆ ಹೋಗಿ ಬಂದಷ್ಟಾಯಿತು.

ಅವರ ಅಭ್ಯಾಸದ ವೇಗ ಕೇಳಿಕೊಂಡು ಲೆಕ್ಕ ಹಾಕಿ. 100 ಮೀಟರ್ ಈಜಲು ಎರಡೂವರೆ ನಿಮಿಷ ಬೇಕಾದರೆ ಈಜು ಮುಗಿಯಲು 48 ನಿಮಿಷ. ಗಂಟೆಗೆ 25 ಕಿ.ಮೀ. ತುಳಿದರೆ ಸೈಕಲ್‌ಗೆ 3 ಗಂಟೆ 36 ನಿಮಿಷ. ಕಿಲೋಮೀಟರಿಗೆ ಏಳೂವರೆ ನಿಮಿಷದಂತೆ ಓಡಿದರೆ 2 ಗಂಟೆ 38 ನಿಮಿಷ. ಬಟ್ಟೆ, ಶೂ ಬದಲಿಸುವ ಎರಡು ನಿಲುಗಡೆಗೆ ಒಟ್ಟು 12 ನಿಮಿಷ ಸೇರಿಸಿ. 7 ಗಂಟೆಗೆ ನೀರಿಗಿಳಿದವರು 7.48ಕ್ಕೆ ದಡಕ್ಕೆ ಬರುತ್ತಾರೆ, ಹನ್ನೊಂದೂವರೆಗೆ ಸೈಕಲ್ ಮುಗಿಸುತ್ತಾರೆ, ಎರಡೂಕಾಲಿನ ಹೊತ್ತಿಗೆ ಕೊನೆಯ ಗೆರೆ ದಾಟುತ್ತಾರೆ. ಎಲ್ಲರನ್ನೂ ಒಟ್ಟಿಗೆ ಬಿಡುವುದಿಲ್ಲ, ಕೆಲವರನ್ನಷ್ಟೇ ಬಿಡುತ್ತಾ ಹೋಗುತ್ತಾರೆ. ಹಾಗಾಗಿ ಹದಿನೈದು ಇಪ್ಪತ್ತು ನಿಮಿಷ ಹಿಂದೆ ಮುಂದೆ ಆಗುತ್ತದೆ.

ಈಗ ಚೀಟಿ ನೋಡಿ. 8ರಿಂದ 11ರವರೆಗೆ ನಿಮಗೆ ಅಲ್ಲಿ ಏನೂ ಕೆಲಸವಿಲ್ಲ ಅಲ್ವಾ? ಸುಮ್ನೆ ರೂಮಿಗೆ ಹೋಗಿ. ಮಕ್ಕಳಿಗೆ ಸ್ನಾನ ಮಾಡಿಸಿ, ತಿನ್ನಿಸಿ, ಚಿಕ್ಕವನನ್ನು ಮಲಗಿಸಿ. ಸೈಕಲ್ ಮೇಲೆ ಅವರು ನಿಮ್ಮೆದುರು ಹಾಯುವುದು ಎರಡು ಸೆಕೆಂಡ್. ಹೆಲ್ಮೆಟ್, ಕನ್ನಡಕದಲ್ಲಿ ಗಂಡ ಯಾರು, ಪಕ್ಕದವರು ಯಾರು ಗೊತ್ತೇ ಆಗುವುದಿಲ್ಲ. ನಾನು ಒಮ್ಮೆ ಯಾರದ್ದೋ ಗಂಡನಿಗೆ ಜೋರಾಗಿ ಚಪ್ಪಾಳೆ ತಟ್ಟಿದ್ದೇನೆ. ಆದರೆ ರೂಮು ನಡೆದು ಹೋಗುವಷ್ಟು ಹತ್ತಿರವಿರಬೇಕು. ಅವತ್ತು ರಸ್ತೆ ಬಂದ್ ಇರುತ್ತದೆ, ಕಾರು ಉಪಯೋಗಕ್ಕೆ ಬರುವುದಿಲ್ಲ.

ಘಾಟ್ ಮತ್ತು ಬುತ್ತಿ

ನಾವು ಹೋಗುವ ದಾರಿ: ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟ್ ದಾಟಿ ಪಣಜಿ. ಘಾಟ್ ಶುರುವಾಗುವ ಮೊದಲು ಮಕ್ಕಳಿಗೆ ಹಾಲು ಕುಡಿಸಬೇಡಿ. ನಾನು ಕುಡಿಸಿದ್ದೆ, ಸೀಟು ತೊಳೆದೆ. ಮಲಪ್ರಭಾ ಹುಟ್ಟುವ ಕಣಕುಂಬಿಯಲ್ಲಿ ಹತ್ತು ನಿಮಿಷ ಇಳಿಸಿ ಗಾಳಿ ಕುಡಿಸಿ, ಮುಂದೆ ಹೋಗಿ.

ಬುತ್ತಿಗೆ ಹಾಲಿನಲ್ಲಿ ನಾದಿದ ದಶಮಿ ರೊಟ್ಟಿ, ಶೇಂಗಾ ಚಟ್ನಿ, ಹಚ್ಚಿದ ಅವಲಕ್ಕಿ ಸಾಕು. ರೇಸ್ ದಿನ ಬೆಳಿಗ್ಗೆ ಐದಕ್ಕೆ ಹೋಟೆಲುಗಳು ತೆರೆದಿರುತ್ತವೆ ಎಂದು ನಂಬಬೇಡಿ. ಒಂದು ಕಡೆ ಒಣ ಬಟ್ಟೆ ಎರಡು ಜೊತೆ ಇಡಿ. ಸಮುದ್ರ ಕಂಡ ಮಗು ಒಣಗಿರುವುದಿಲ್ಲ. ಇಬ್ಬರು ಮಕ್ಕಳ ಜೊತೆ ನೀವೊಬ್ಬರೇ ಇದ್ದರೆ ನೀರಿಗೆ ಮಾತ್ರ ಇಳಿಯಬೇಡಿ, ಉಸುಕಿನಲ್ಲಿ ಆಡಿಸಿ. ಮಕ್ಕಳ ಕೈ ಮೇಲೆ ಪೆನ್ನಿನಿಂದ ಫೋನ್ ನಂಬರ್ ಬರೆಯಿರಿ. ಇಬ್ಬರಿಗೂ ಒಂದೇ ಗಾಢ ಬಣ್ಣದ ಅಂಗಿ ಹಾಕಿ. ಗುಂಪಿನಲ್ಲಿ ನೀವು ಅಪ್ಪನನ್ನು ಹುಡುಕುವುದಕ್ಕಿಂತ ಅಪ್ಪ ಮಕ್ಕಳನ್ನು ಹುಡುಕುವುದು ಸುಲಭ.

ಎಲ್ಲಿ ನಿಲ್ಲಬೇಕು?

ಒಂದು, ಈಜಿ ಮೇಲೆ ಬರುವ ಜಾಗ. ನೀರಿನಲ್ಲಿ ಬರೀ ಟೋಪಿಗಳು ಕಾಣುತ್ತವೆ. ಅಲ್ಲಿ ಅಪ್ಪನನ್ನು ತೋರಿಸಲು ಹೋದರೆ ಮಗು ಹೆದರುತ್ತದೆ. ಎರಡು, ಓಟದ ದಾರಿ. ಓಟ ಸಾಮಾನ್ಯವಾಗಿ ಸುತ್ತುಗಳಲ್ಲಿರುತ್ತದೆ, ಒಂದೇ ನೆರಳಿನಲ್ಲಿ ಕೂತು ಎರಡು ಮೂರು ಸಲ ನೋಡಬಹುದು. ಮೂರು, ಕೊನೆಯ ಗೆರೆ.

ಕಾಲಿಗೆ ಕಟ್ಟಿದ ಚಿಪ್ ನೆಲದ ಮೇಲಿನ ಮ್ಯಾಟ್ ದಾಟಿದಾಗಷ್ಟೇ, ಅವರು ಎಲ್ಲಿದ್ದಾರೆಂದು ಫೋನಿನಲ್ಲಿ ತೋರಿಸುವ ರೇಸ್ ಆ್ಯಪ್‌ಗೆ ಸುದ್ದಿ ಬರುತ್ತದೆ. ನಡುವೆ ಓಡುವ ಚುಕ್ಕಿ ಬರೀ ಅಂದಾಜು. ಚುಕ್ಕಿ ನಿಂತರೆ ಎದೆ ಒಡೆದುಕೊಳ್ಳಬೇಡಿ.

ನಿಯಮ ಮೊದಲೇ ಹೇಳಿ

ಬಾಯಾರಿದ ಗಂಡನಿಗೆ ನೀರಿನ ಬಾಟಲಿ ಕೊಡಬೇಕೆನಿಸುತ್ತದೆ. ಕೊಡಬೇಡಿ. ಹೊರಗಿನವರ ಸಹಾಯ ಪಡೆದರೆ ಸಮಯದ ದಂಡ ಬೀಳಬಹುದು, ಇಲ್ಲವೇ ಅನರ್ಹರಾಗಬಹುದು. ಪಕ್ಕದಲ್ಲಿ ಓಡುವಂತೆಯೂ ಇಲ್ಲ. ಮಗುವನ್ನು ಎತ್ತಿಕೊಂಡು ಗೆರೆ ದಾಟುವ ಫೋಟೊ ಎಷ್ಟೇ ಚಂದ ಕಂಡರೂ ಐರನ್‌ಮ್ಯಾನ್ ರೇಸ್‌ಗಳಲ್ಲಿ ಅದಕ್ಕೆ ಅವಕಾಶವಿಲ್ಲ. ಇದನ್ನು ಹಿಂದಿನ ರಾತ್ರಿಯೇ ಮಕ್ಕಳಿಗೆ ಹೇಳಿ, ಇಲ್ಲದಿದ್ದರೆ ಬ್ಯಾರಿಕೇಡ್ ಹತ್ತಿರ ರಂಪ.

ಇನ್ನೊಂದು ಮಾತೂ ಹೇಳಿಟ್ಟಿರಿ. ನನ್ನ ಮಗಳು ಮೊದಲ ಸಲ, "ಅವ್ವಾ, ಅಷ್ಟ್ ಮಂದಿ ಮುಂದ್ ಹೋದ್ರಲ್ಲ, ಅಪ್ಪ ಸೋತ್ರೇನು?" ಎಂದು ಅತ್ತಳು. ಶಾಲೆಯ ಓಟದಲ್ಲಿ ಮೂವರಿಗೇ ಬಹುಮಾನ, ಅವಳಿಗೆ ಅದೇ ಗೊತ್ತು. ಈಗ ಮೊದಲೇ ಹೇಳುತ್ತೇವೆ: ಹೊತ್ತು ಮೀರದೆ ಮುಗಿಸಿದವರಿಗೆಲ್ಲ ಮೆಡಲ್ ಇದೆ, ಅಪ್ಪನ ಮೆಡಲ್ ಹಿಡಿಯುವ ಕೆಲಸ ನಿನ್ನದು.

ಮುಗಿದ ಮೇಲೆ

ಗೆರೆ ದಾಟಿದವರ ಕೈಗೆ ಕೂಡಲೇ ಮಗು ಕೊಡಬೇಡಿ. ಕಾಲು ನಡುಗುತ್ತಿರುತ್ತದೆ. ನೆರಳಲ್ಲಿ ಕೂರಿಸಿ, ಏನಾದರೂ ತಿಂದು ಕುಡಿದ ಮೇಲೆ ಮಕ್ಕಳನ್ನು ಬಿಡಿ. ಸೈಕಲ್ ವಾಪಸ್ ಪಡೆಯಲು ರೇಸಿನವರು ಅವರಿಗೆ ಕಟ್ಟಿದ ಕೈಪಟ್ಟಿ ಬೇಕು, ಅದನ್ನು ಕಿತ್ತು ಎಸೆಯದಂತೆ ನೋಡಿಕೊಳ್ಳಿ. ಆಗುವುದಾದರೆ ಅವತ್ತು ರಾತ್ರಿ ಅಲ್ಲೇ ಉಳಿಯಿರಿ. ಆಗದಿದ್ದರೆ ಚೋರ್ಲಾ ಘಾಟ್ ನೀವೇ ಓಡಿಸಿ. ಅವರು "ನನಗೇನೂ ಆಗಿಲ್ಲ, ನಾನೇ ಓಡಿಸ್ತೀನಿ" ಎನ್ನುತ್ತಾರೆ. ಕೀಲಿ ಕೊಡಬೇಡಿ. ಸಾಂಖಳಿ ದಾಟುವುದರೊಳಗೆ ಮಕ್ಕಳಿಗಿಂತ ಮೊದಲು ಅವರೇ ಗೊರಕೆ ಹೊಡೆಯುತ್ತಿರುತ್ತಾರೆ.