ಅತ್ತಿಗೆ, ಚಿಕ್ಕಮ್ಮ, ಟೀಚರ್, ಇವಳು

2023ರ ಕಾರ್ತಿಕದಲ್ಲಿ ಇವಳು, ನನ್ನ ಹೆಂಡತಿ, ಹೋದಳು. ವೈಕುಂಠ ಸಮಾರಾಧನೆಯ ಜಾಹೀರಾತಿಗೆಂದು ತಮ್ಮ ಒಂದು ಚೀಟಿ ಬರೆದು ತಂದ. 'ಸದಾ ಹಸನ್ಮುಖಿ, ಮಮತಾಮಯಿ, ಅತಿಥಿ ಸತ್ಕಾರದಲ್ಲಿ ಎತ್ತಿದ ಕೈ, ಸರ್ವರಿಗೂ ಬೇಕಾದವರು.' ಆ ಹೊತ್ತಿನಲ್ಲಿ ತಿದ್ದುವ ತ್ರಾಣ ನನಗಿರಲಿಲ್ಲ, ಹಾಗೇ ಅಚ್ಚಾಯಿತು. ಪತ್ರಿಕೆಯ ಅದೇ ಪುಟದಲ್ಲಿ ಇನ್ನೂ ನಾಲ್ಕು ಜನರ ಫೋಟೊ ಇತ್ತು. ನಾಲ್ಕರ ಕೆಳಗೂ ಹೆಚ್ಚುಕಮ್ಮಿ ಅದೇ ಮಾತು.

ನಾನು 44 ವರ್ಷ ಬಾಳಿದ್ದು ಇಂಥವಳ ಜೊತೆ ಅಲ್ಲ. ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಯಾರೂ ಇವಳನ್ನು ಮಾತಾಡಿಸುವ ಹಾಗಿರಲಿಲ್ಲ, ಸಿಡುಕುತ್ತಿದ್ದಳು. ನೆಂಟರು ಹೇಳದೆ ಕೇಳದೆ ಬಂದರೆ ಮೊದಲು ಒಳಗೆ ಬಂದು ನನ್ನನ್ನು ಬೈದು, ಆಮೇಲೆ ಒಲೆ ಹಚ್ಚುತ್ತಿದ್ದಳು. ಆ ಬೈಗುಳವೂ ಇಲ್ಲದ ಮೇಲೆ ಅದು ಇವಳ ನೆನಪು ಹೇಗಾದೀತು? ವರ್ಷಾಬ್ದಿಕದ ಹೊತ್ತಿಗೆ ಮನೆಮಂದಿಗಾಗಿ ಒಂದು ಪುಸ್ತಕ ಮಾಡಬೇಕು ಎಂದು ಆ ಪತ್ರಿಕೆ ಮಡಚಿಟ್ಟ ದಿನವೇ ನಿಶ್ಚಯಿಸಿದೆ. ಸಹಕಾರ ಸಂಘದಲ್ಲಿ ಲೆಕ್ಕ ಬರೆದು ನಿವೃತ್ತನಾದವನು ನಾನು. ಹಾಗಾಗಿ ಎಲ್ಲವನ್ನೂ ಕೇಳಿ, ತಾಳೆ ನೋಡಿ ಬರೆಯುವುದು ಒಂದು ಗೊತ್ತಿತ್ತು.

ಮೊದಲು ನಾನೇ ಎಡವಿದೆ. ಮನೆಯ ವಾಟ್ಸಾಪ್ ಗುಂಪಿನಲ್ಲಿ 'ನಿಮ್ಮ ನೆನಪುಗಳನ್ನು ಬರೆದು ಕಳಿಸಿ' ಎಂದು ಹಾಕಿದೆ. ಹದಿನಾಲ್ಕು ಜನ ಬರೆದರು. ಹದಿನಾಲ್ಕೂ ಆ ಜಾಹೀರಾತೇ. ಅವರದೇನೂ ತಪ್ಪಿಲ್ಲ, 'ನೆನಪು' ಅಂದ ಕೂಡಲೇ ಎಲ್ಲರಿಗೂ ಗುಣಗಾನವೇ ಬಾಯಿಗೆ ಬರುತ್ತದೆ. ಆಮೇಲೆ ಒಬ್ಬೊಬ್ಬರ ಮನೆಗೆ ಹೋಗಿ ಸಣ್ಣ ಸಣ್ಣದು ಕೇಳತೊಡಗಿದೆ. ನಮ್ಮನೆಗೆ ಬಂದಾಗ ನಿಮಗೆ ಯಾವ ಲೋಟದಲ್ಲಿ ಕಾಫಿ ಕೊಡುತ್ತಿದ್ದಳು? ನಿಮ್ಮ ಮೇಲೆ ಯಾವಾಗ ಸಿಟ್ಟಾಗಿದ್ದಳು? ನನಗೆ ಹೇಳಬೇಡಿ ಅಂತ ನಿಮಗೆ ಏನಾದರೂ ಹೇಳಿದ್ದಳಾ? ಈ ಮೂರನೇ ಪ್ರಶ್ನೆಗೆ ಬಹಳ ಜನ ಸ್ವಲ್ಪ ಹೊತ್ತು ಸುಮ್ಮನಾಗಿ, ಆಮೇಲೆ ನಿಜವಾಗಿ ಮಾತಾಡಿದರು.

ಕೈಯಲ್ಲಿ ಏನಾದರೂ ಕೊಟ್ಟು ಕೇಳುವುದು ಇನ್ನೂ ಒಳ್ಳೆಯದು. ಇವಳ ಒಂದು ಸೀರೆ, ಕನ್ನಡಕದ ಡಬ್ಬಿ, ಶಾಲೆಯ ಗುಂಪು ಫೋಟೊ, ಇಷ್ಟನ್ನು ಒಂದು ಚೀಲದಲ್ಲಿ ಹಾಕಿಕೊಂಡೇ ಹೋಗುತ್ತಿದ್ದೆ. ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡುವ ಮುಂಚೆ ಫ್ಲೈಟ್ ಮೋಡಿಗೆ ಹಾಕಿ. ನಮ್ಮ ದೊಡ್ಡಕ್ಕ ಹೇಳುತ್ತಿದ್ದ ಒಂದು ಮಾತಿನ ನಡುವೆ ಯಾರದೋ ಕರೆ ಬಂದು ಅರ್ಧವೇ ಉಳಿಯಿತು. ಮತ್ತೆ ಕೇಳಿದರೆ ಅವಳಿಗೆ ಅದೇ ಹದದಲ್ಲಿ ಹೇಳಲಾಗಲಿಲ್ಲ.

ಆಗ ಒಂದು ಸಂಗತಿ ಹೊಳೆಯಿತು. ಎಲ್ಲರೂ ಇವಳನ್ನು ಕರೆಯುವುದು ಬೇರೆ ಬೇರೆ ಹೆಸರಿಂದ. ತಮ್ಮನಿಗೆ ಅತ್ತಿಗೆ, ಅವನ ಹೆಂಡತಿಗೆ ಅಕ್ಕ, ಅವರ ಮಕ್ಕಳಿಗೆ ದೊಡ್ಡಮ್ಮ, ಇವಳ ಅಕ್ಕನ ಮಕ್ಕಳಿಗೆ ಚಿಕ್ಕಮ್ಮ, ಹೊಸನಗರ ಕಡೆಯ ಮೂರು ಊರುಗಳಿಗೆ ಟೀಚರ್. ಅತ್ತಿಗೆ ಗಟ್ಟಿ ದನಿಯವಳು, ಚಿಕ್ಕಮ್ಮ ಗುಟ್ಟು ಕಾಯುವವಳು. ಹುಟ್ಟಿದ್ದು ಮೊದಲು, ಮದುವೆ ಆಮೇಲೆ ಎಂದು ಸಾಲಾಗಿ ಬರೆದಿದ್ದ ಐವತ್ತು ಪುಟ ತೆಗೆದಿಟ್ಟು, ಕರೆಯುವ ಹೆಸರಿಗೆ ಒಂದರಂತೆ ಅಧ್ಯಾಯ ಮಾಡಿದೆ. ಕೊನೆಯದಕ್ಕೆ 'ಇವಳು' ಎಂದು ಇಟ್ಟೆ. ಅದು ನನ್ನದು, ಎಲ್ಲಕ್ಕಿಂತ ಚಿಕ್ಕದು.

ಹುಟ್ಟಿದ ತಾರೀಖಿನಲ್ಲೇ ತೊಡಕಾಯಿತು. ಸರ್ವಿಸ್ ರಿಜಿಸ್ಟರಿನಲ್ಲಿ 1955ರ ಜೂನ್ 1. ಆ ಕಾಲದ ಎಷ್ಟೋ ಮಕ್ಕಳು ಶಾಲೆಯ ದಾಖಲೆಯಲ್ಲಿ ಜೂನ್ ಒಂದಕ್ಕೇ ಹುಟ್ಟಿದವರು. ಇವಳ ಅಪ್ಪನ ಅಡಿಕೆ ಜಮಾಖರ್ಚಿನ ಪುಸ್ತಕದಲ್ಲಿ ಮಾತ್ರ, ಆಳಿನ ಕೂಲಿಯ ಲೆಕ್ಕದ ಕೆಳಗೆ, 'ದುರ್ಮುಖಿ ಸಂ. ಶ್ರಾವಣ ಶು. ಷಷ್ಠಿ, ಹೆಣ್ಣು ಮಗು, ಸುಖ' ಎಂದಿತ್ತು. ಅಂದರೆ 1956, ನಾಗರ ಪಂಚಮಿಯ ಮಾರನೇ ದಿನ. ಒಂದು ವರ್ಷ ಎರಡು ತಿಂಗಳು ಮೊದಲೇ ನನ್ನನ್ನು ನಿವೃತ್ತಿ ಮಾಡಿ ಮನೆಗೆ ಕಳಿಸಿದರು ಎಂದು ಇವಳು ಆಗಾಗ ಅನ್ನುತ್ತಿದ್ದುದು ಇದಕ್ಕೇ. ಎರಡು ತಾರೀಖನ್ನೂ ಹಾಕಿದೆ, ಅಪ್ಪನ ಆ ಸಾಲಿನ ಫೋಟೊ ಸಮೇತ.

ಇನ್ನು ಉಪ್ಪಿನಕಾಯಿ ಭರಣಿಯ ವಿಷಯ. ಇದನ್ನು ಹೇಳಲಿಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮನೆಯ ಓರಗಿತ್ತಿಯರ ಪೈಕಿ ಕಿರಿಯವಳು, ಅಂದರೆ ತಮ್ಮನ ಹೆಂಡತಿ, ಮೂರನೇ ಪ್ರಶ್ನೆಗೆ ಕಣ್ಣೊರೆಸಿಕೊಂಡು ಹೇಳಿದಳು. "ಭಾವ, ನಾನು ಮದುವೆಯಾಗಿ ಬಂದ ವರ್ಷ, ದೀಪಾವಳಿ ಹಿಂದಿನ ದಿನ, ಅಪ್ಪೆಮಿಡಿ ಭರಣಿ ಒಡೀತಲ್ಲ. ಒಡೆದಿದ್ದು ನಾನು. ಅತ್ತೆ ಬಾಗಿಲಿಗೆ ಬರೋದ್ರೊಳಗೆ ಅಕ್ಕ ನನ್ನನ್ನ ಹಿತ್ತಲಿಗೆ ತಳ್ಳಿ, ನನ್ನ ಕೈಯಿಂದ ಜಾರ್ತು ಅತ್ತೆ ಅಂದ್ರು. ಯಾರಿಗೂ ಹೇಳ್ಬೇಡ ಅಂದಿದ್ರು." ಆ ದಿನ ನಾನೂ ಮನೆಯಲ್ಲಿದ್ದೆ. ಅಮ್ಮ ಬೈದದ್ದು ನೆನಪಿದೆ. 'ಒಂದು ಭರಣಿ ಹಿಡಿಯಲಿಕ್ಕೆ ಬರೋದಿಲ್ವಾ' ಎಂದು ನಾನೂ ಅಂದಿದ್ದೆ. ಎಷ್ಟೋ ವರ್ಷ ಅದನ್ನು ಎತ್ತಿ ಆಡಿದ್ದೇನೆ ಕೂಡ. ಭರಣಿ ಹೇಗಿತ್ತು ಎಂದು ಕೇಳಿದೆ. ಮೇಲೆ ಕಂದು, ಕೆಳಗೆ ಬಿಳಿ, ಬಾಯಿಯ ಅಂಚು ಒಂದು ಕಡೆ ಮುಕ್ಕಾಗಿತ್ತು ಅಂದಳು.

2024ರ ಮೇ ತಿಂಗಳಲ್ಲಿ ಇವಳ ಅಣ್ಣನನ್ನು ಕರೆದುಕೊಂಡು ಶರಾವತಿ ಹಿನ್ನೀರಿಗೆ ಹೋದೆ. ಇವಳ ತವರು ಇದ್ದದ್ದು ಆ ನೀರಿನ ಅಡಿಯಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಇವಳಿಗೆ ಎಂಟು ವರ್ಷ. ಆಗಿನ್ನೂ ಸಿಗಂದೂರಿನ ಸೇತುವೆ ಆಗಿರಲಿಲ್ಲ, ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾದು ನಿಂತೆವು. ಹಿಂದಿನ ವರ್ಷ ಮಳೆ ಕಡಿಮೆಯಾಗಿ ನೀರು ಬಹಳ ಕೆಳಗಿಳಿದಿತ್ತು. ಇಂಥ ಬೇಸಿಗೆಯಲ್ಲಿ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೂ ಮೇಲೆದ್ದು ನಿಲ್ಲುತ್ತದೆ. ಇವಳ ಅಣ್ಣ ಬಿರುಕುಬಿಟ್ಟ ಕೆಸರಿನ ಮೇಲೆ ನಿಂತು, ಕೊಡೆಯಿಂದ ದೂರಕ್ಕೆ ತೋರಿಸುತ್ತಾ ಹೇಳಿದರು.

"ಅಲ್ಲೆಲ್ಲೋ ನಮ್ಮ ಅಪ್ಪೆಮರ ಇತ್ತು ಭಾವ. ಲಾರೀಲಿ ಸಾಮಾನು ಹಾಕ್ಕೊಂಡು ಹೊರಟಾಗ ಆ ಮರದ ಕೊನೇ ಮಿಡಿ ಭರಣೀಲಿತ್ತು. ತಂಗಿ ಅದನ್ನ ಎರಡೂ ಮೊಣಕಾಲಿನ ಮಧ್ಯ ಇಟ್ಕೊಂಡು, ತಬ್ಬಿ ಕೂತಿದ್ಲು. ಲಾರಿ ಹಾರಿದಾಗ ಅಂಚು ಹಲಗೆಗೆ ತಾಗಿ ಚೂರು ಮುಕ್ಕಾಯ್ತು. ಅದಕ್ಕೆ ದಾರಿಯುದ್ದಕ್ಕೂ ಅತ್ಲು. ಮದುವೇಲಿ ಅಮ್ಮ ಅವಳಿಗೆ ಅದನ್ನೇ ಕೊಟ್ಟು ಕಳಿಸಿದ್ಲು. ನಿಮ್ಮನೇಲಿ ಈಗ್ಲೂ ಇರ್ಬೇಕಲ್ಲ?"

ನನಗೆ ಉತ್ತರ ಕೊಡಲಾಗಲಿಲ್ಲ. ಲಾಂಚ್ ಬರುವವರೆಗೂ ನೀರು ನೋಡುತ್ತಾ ನಿಂತೆ.

ಕಿರಿಯವಳಿಗೆ ಅದು ಯಾವ ಭರಣಿ ಅಂತ ಗೊತ್ತಿರಲಿಲ್ಲ. ಅಣ್ಣನಿಗೆ ಅದು ಒಡೆದದ್ದು ಗೊತ್ತಿರಲಿಲ್ಲ. ಎರಡೂ ಗೊತ್ತಿದ್ದವಳು ಒಬ್ಬಳೇ, ಅವಳು ಬಾಯಿ ಬಿಡಲಿಲ್ಲ. ಪುಸ್ತಕದಲ್ಲಿ ಇಬ್ಬರ ಮಾತನ್ನೂ ಎದುರು ಬದುರು ಪುಟದಲ್ಲಿ ಹಾಕಿದೆ. ನನ್ನದು ಒಂದು ಪದವನ್ನೂ ಸೇರಿಸಲಿಲ್ಲ. ಅಚ್ಚಿಗೆ ಕೊಡುವ ಮುಂಚೆ ಇಬ್ಬರ ಮನೆಗೂ ಹೋಗಿ ಓದಿ ಹೇಳಿ, ಒಪ್ಪಿಗೆ ತೆಗೆದುಕೊಂಡೆ. ಇದನ್ನು ಯಾರೂ ಮರೆಯಬಾರದು; ಬದುಕಿರುವವರ ಗುಟ್ಟೂ ಅದರಲ್ಲಿ ಸೇರಿರುತ್ತದೆ.

ಉಳಿದದ್ದು ಕೆಲಸದ ಮಾತು. ಅಂಟು ಹಾಳೆಯ ಹಳೆ ಆಲ್ಬಮ್ಮಿನಿಂದ ಫೋಟೊ ಕೀಳಲು ಹೋಗಬೇಡಿ, ಹರಿಯುತ್ತದೆ. ಕಿಟಕಿಯ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ಇದ್ದಲ್ಲೇ ಫೋಟೊ ತೆಗೆಯಿರಿ. ಬಿಡಿ ಫೋಟೊಗಳ ಹಿಂದೆ ಹೆಸರು ಬರೆಯುವುದಾದರೆ ಪೆನ್ಸಿಲಿನಲ್ಲಿ, ಮೆಲ್ಲಗೆ. ಇವಳ ಫೋನನ್ನು ರಿಪೇರಿಗೆ ಕೊಟ್ಟಾಗ ಅಂಗಡಿಯವರು ಪೂರ್ತಿ ಅಳಿಸಿಬಿಟ್ಟರು, ಅದೊಂದು ನನಗೆ ಇವತ್ತಿಗೂ ಸಂಕಟ. ವಾಟ್ಸಾಪಿನಲ್ಲಿ ಮಕ್ಕಳಿಗೆ ಕಳಿಸಿದ್ದ ದನಿಯ ತುಣುಕುಗಳು ಅವರ ಫೋನುಗಳಲ್ಲಿ ಇದ್ದವು, ಹನ್ನೊಂದು ಸಿಕ್ಕವು. ಕೂಡಲೇ ಮೂರು ಕಡೆ ನಕಲು ಮಾಡಿಟ್ಟೆವು. 'ಮೊಸರು ಹೆಪ್ಪು ಹಾಕಿದ್ಯಾ' ಎನ್ನುವ ಆರು ಸೆಕೆಂಡಿನದೂ ಒಂದಿದೆ.

ಪುಸ್ತಕ ಡೆಮಿ 1/8 ಅಳತೆ, 70 ಜಿಎಸ್‌ಎಂ ಮ್ಯಾಪ್ಲಿಥೊ ಕಾಗದ, 96 ಪುಟ. ಹದಿನಾರು ಪುಟಕ್ಕೆ ಒಂದು ಫಾರಂ, ಅಂದರೆ ಅಚ್ಚಿನ ಒಂದು ದೊಡ್ಡ ಹಾಳೆಯ ಲೆಕ್ಕ, ಅದಕ್ಕೆ ಹೊಂದಿಸಿದರೆ ಕಾಗದ ದಂಡವಾಗುವುದಿಲ್ಲ. ನೂರೇ ಪ್ರತಿ ಆದ್ದರಿಂದ ಡಿಜಿಟಲ್ ಮುದ್ರಣ. ಮೊಮ್ಮಗಳು ಯೂನಿಕೋಡಿನಲ್ಲಿ ಟೈಪ್ ಮಾಡಿದ್ದನ್ನು ಮುದ್ರಣದವರು 'ನುಡಿ' ತಂತ್ರಾಂಶದ ಅಕ್ಷರಕ್ಕೆ ಬದಲಿಸಿದಾಗ ಅರ್ಕಾವತ್ತು, ಒತ್ತಕ್ಷರಗಳು ಎಲ್ಲೆಲ್ಲೋ ಹೋಗಿದ್ದವು. ಕರಡು ಮೂರು ಸಲ ತಿದ್ದಿದೆವು.

ವರ್ಷಾಬ್ದಿಕದ ದಿನ ಊಟದ ಪಂಕ್ತಿ ಎದ್ದ ಮೇಲೆ ಹಂಚಿದೆ. ಎರಡು ವಾರ ಫೋನು ಬರುತ್ತಲೇ ಇತ್ತು. ಇಸವಿ ತಪ್ಪು, ಆ ಫೋಟೊದಲ್ಲಿರುವುದು ಸೋದರತ್ತೆ ಅಲ್ಲ, ಹೀಗೆ. ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದುಕೊಂಡೆ.

ಒಂದು ಸಂಜೆ ಇವಳ ಹಳೆಯ ವಿದ್ಯಾರ್ಥಿಯೊಬ್ಬ ಬಂದ. ಈಗ ಲಾರಿ ಓಡಿಸುತ್ತಾನೆ. 'ಟೀಚರ್' ಅಧ್ಯಾಯದಲ್ಲಿ ನಾನು 'ಯಾವ ಮಗುವಿನ ಮೇಲೂ ಕೈ ಎತ್ತಿದವಳಲ್ಲ' ಎಂದು ಬರೆದಿದ್ದೆ. ಅವನು ಆ ಪುಟಕ್ಕೆ ಬೆರಳಿಟ್ಟುಕೊಂಡೇ ಬಂದಿದ್ದ. "ಸಾರ್, ನನಗೆ ಹೊಡೆದಿದ್ರು. ಬಳಪದ ಡಬ್ಬಿ ಕದ್ದಿದೀನಿ ಅಂತ. ನಾನು ಕದ್ದಿರ್ಲಿಲ್ಲ. ಮಾರನೇ ದಿನ ಗೊತ್ತಾಗಿ, ಆ ಮಳೇಲಿ ಗದ್ದೆ ಅಂಚಿನ ಮೇಲೆ ನಮ್ಮನೆವರೆಗೂ ನಡ್ಕೊಂಡು ಬಂದ್ರು. ನಮ್ಮವ್ವನ ಎದುರೇ ನನ್ನ ಕೈ ಹಿಡ್ಕೊಂಡು, ತಪ್ಪಾಯ್ತು ಮಗ ಅಂದ್ರು. ಅದನ್ನ ಬರೀರಿ ಸಾರ್."

ಮನೆಯಲ್ಲಿ 38 ಪ್ರತಿ ಉಳಿದಿದ್ದವು. ಎಲ್ಲದರಲ್ಲೂ ಆ ಸಾಲನ್ನು ಹೊಡೆದುಹಾಕಿ, ಅಂಚಿನಲ್ಲಿ ಅವನು ಹೇಳಿದ್ದನ್ನು ಕೈಯಲ್ಲಿ ಬರೆದೆ. ಹಂಚಿದ ಪ್ರತಿಗಳಿಗೆ ಚೀಟಿ ಮಾಡಿ, ಒಂದೊಂದೇ ಮನೆಗೆ ಹೋಗಿ ಅಂಟಿಸಿ ಬರುತ್ತಿದ್ದೇನೆ. ಇನ್ನು ಒಂಬತ್ತು ಮನೆ ಇವೆ.